ಇದೆಯೆಂದು ಭಾವಿಸತಕ್ಕ ಹಳದಿ

ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆಯಿಂದ ಒಳಗೆ ತಿರುಗುವ ಒಂದು ಅಡ್ಡರಸ್ತೆಯ ನವರಾತ್ರಿ ಗೊಂಬೆ ಪರಿಶೀಲನಾ ಸಮಿತಿಯ ನಿಯಮಾವಳಿಯಲ್ಲಿ ಒಟ್ಟು ಮೂವತ್ತೊಂದು ನಿಯಮಗಳಿದ್ದವು. ಸಾವಿರದ ಒಂಬೈನೂರ ಎಂಬತ್ತಮೂರನೇ ಇಸವಿಯವರೆಗೆ ಅವುಗಳಲ್ಲಿ ಒಂದರಲ್ಲಿಯೂ ಲೇಸರ್ ಎಂಬ ಪದ ಇರಲಿಲ್ಲ. ಈ ಲೋಪಕ್ಕೆ ಸಮಿತಿ ಹೊಣೆಯಲ್ಲವೆಂದು ಸಮಿತಿಯೇ ವಿಚಾರಣೆ ನಡೆಸಿ ತೀರ್ಮಾನಿಸಿತು.

ಲೋಪ ಹೊರಬಿದ್ದದ್ದು ಚಂದ್ರಶೇಖರಯ್ಯನವರಿಂದ. ಇವರು ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಮೆಕ್ಯಾನಿಕ್. ಅಲ್ಲಿನ ಲೇಸರ್ ಕೊಳವೆಯೊಂದು 'ಉಪಯೋಗಕ್ಕೆ ಬಾರದು' ಎಂಬ ಷರಾ ಹೊತ್ತು ಹರಾಜಿಗೆ ಬಂದಾಗ ಕೂಗಿದವರು ಇವರೊಬ್ಬರೇ, ಇವರಿಗೇ ಬಿತ್ತು. ಮನೆಗೆ ತಂದು ಒಂದು ತಂತಿ ಬದಲಾಯಿಸಿದ್ದೇ ತಡ, ಕೊಳವೆ ಹತ್ತಿಕೊಂಡಿತು. ಇದನ್ನವರು ಕಾಲೇಜಿಗೆ ತಿಳಿಸಲಿಲ್ಲ. ಮೂರು ಜನ ಸಹಿ ಹಾಕಿ ಕೆಟ್ಟಿದೆ ಎಂದ ಮೇಲೆ ಅದು ಹತ್ತಿಕೊಳ್ಳುವುದು ಸಹಿ ಹಾಕಿದವರಿಗೆ ಮರ್ಯಾದೆಯಲ್ಲ.

ಆ ಕೊಳವೆಗೆ ಅವರು ಎರಡು ಹಳೇ ರೇಡಿಯೋ ಸ್ಪೀಕರುಗಳನ್ನು ಜೋಡಿಸಿದರು. ಒಂದೊಂದರ ಹೊಟ್ಟೆಯ ಮೇಲೂ ಉಗುರಿನಗಲದ ಕನ್ನಡಿ ಚೂರು. ಒಂದು ಕನ್ನಡಿ ಬೆಳಕಿನ ಚುಕ್ಕೆಯನ್ನು ಅಡ್ಡಡ್ಡಕ್ಕೆ ಕುಣಿಸಬೇಕು, ಇನ್ನೊಂದು ಮೇಲೆ ಕೆಳಗೆ ಕುಣಿಸಬೇಕು. ಎರಡೂ ತಾಳ ತಪ್ಪದೆ ಕುಣಿದರೆ ಗೋಡೆಯ ಮೇಲೆ ಚುಕ್ಕೆ ಹೋಗಿ ಚಕ್ರವಾಗುತ್ತದೆ. ಆ ಚಕ್ರ ಗೊಂಬೆಯ ಮೆಟ್ಟಿಲಲ್ಲಿ ಎಲ್ಲಕ್ಕಿಂತ ಮೇಲೆ ನಿಂತ ವಿಷ್ಣುವಿನ ಬೆರಳ ಮೇಲೆ ತಿರುಗಬೇಕು. ಇದು ಯೋಜನೆ.

ಯೋಜನೆಗೆ ಮಂಜೂರಾತಿ ಕೊಡಬೇಕಾದವರು ಹೆಂಡತಿ ಗಂಗರತ್ನಮ್ಮ. ಅವರಿಗೂ ಒಂದು ಸಂಕಟವಿತ್ತು. ರಸ್ತೆಯ ಗೊಂಬೆ ಸ್ಪರ್ಧೆಯ ರೋಲಿಂಗ್ ಶೀಲ್ಡ್ ಎರಡು ವರ್ಷದಿಂದ ಎದುರುಮನೆ ಶೈಲಜಮ್ಮನವರ ಶೋಕೇಸಿನಲ್ಲಿತ್ತು. ಮೂರನೇ ವರ್ಷವೂ ಗೆದ್ದರೆ ಅದು ಉರುಳುವುದನ್ನು ನಿಲ್ಲಿಸಿ ಶಾಶ್ವತವಾಗಿ ಅಲ್ಲೇ ಉಳಿಯುತ್ತಿತ್ತು. ಗಂಗರತ್ನಮ್ಮ ಮೇಲಿನ ಮೆಟ್ಟಿಲು ಬಿಟ್ಟುಕೊಟ್ಟರು, ಒಂದು ಷರತ್ತಿನ ಮೇಲೆ.

"ರೀ, ಶೀಲ್ಡ್ ಈ ಮನೆಗೆ ಬಂತೋ, ನಿಮ್ಮ ಮಿಷನ್ನೂ ಈ ಮನೇಲಿರುತ್ತೆ. ಬರಲಿಲ್ವೋ, ವಿಜಯದಶಮಿ ಮಾರನೇ ದಿನ ಗುಜರಿಯವನನ್ನ ನಾನೇ ಕರೀತೀನಿ. ವಿಚಾರಿಸಿ ಆಗಿದೆ, ತಗೋತಾನಂತೆ."

ಅವತ್ತಿನಿಂದ ಚಂದ್ರಶೇಖರಯ್ಯನವರಿಗೆ ಊಟ ರುಚಿಸಲಿಲ್ಲ. ಚಕ್ರವನ್ನು ನಿಧಾನಕ್ಕೆ ತಿರುಗಿಸಿದರೆ ದುಂಡಗಿರುತ್ತಿತ್ತು, ಆದರೆ ಪಟಪಟ ಮಿಟುಕುತ್ತಿತ್ತು, ನೋಡಿದವರಿಗೆ ತಲೆಸುತ್ತು. ಜೋರಾಗಿ ತಿರುಗಿಸಿದರೆ ಮಿಟುಕುವುದು ನಿಲ್ಲುತ್ತಿತ್ತು, ಆದರೆ ಮೇಲೆ ಕೆಳಗೆ ಕುಣಿಯುವ ಸ್ಪೀಕರಿಗೆ ಸುಸ್ತಾಗಿ ಚಕ್ರ ಮೊಟ್ಟೆಯಾಗುತ್ತಿತ್ತು. ಕನ್ನಡಿಯನ್ನು ಸಣ್ಣದು ಮಾಡಿದರು. ಅಂಟು ಕಮ್ಮಿ ಮಾಡಿದರು. ಸ್ಪೀಕರಿನ ಕಾಗದವನ್ನು ಕ್ಷೌರದ ಬ್ಲೇಡಿನಿಂದ ಸುತ್ತಲೂ ಹೆರೆದರು. ಕೋಳಿಮೊಟ್ಟೆ ಬಾತುಕೋಳಿ ಮೊಟ್ಟೆಯಾಯಿತೇ ಹೊರತು ಚಕ್ರವಾಗಲಿಲ್ಲ.

ಅಷ್ಟರಲ್ಲಿ ಗಂಗರತ್ನಮ್ಮ ಇನ್ನೊಂದು ಪ್ರಶ್ನೆ ಎತ್ತಿದರು. ಬೆಳಕು ಬರೀ ಕೆಂಪು. ಮನೆಗೆ ಬಂದ ಮುತ್ತೈದೆಗೆ ಕುಂಕುಮ ಮಾತ್ರ ಕೊಟ್ಟು ಅರಿಶಿನ ಕೊಡದೆ ಕಳಿಸುವುದುಂಟೇ? ಸಮಿತಿಯ ನಿಯಮ ಹನ್ನೆರಡೂ ಅದನ್ನೇ ಹೇಳುತ್ತಿತ್ತು: 'ಗೊಂಬೆಗಳ ಮೇಲೆ ಬಿಡುವ ಬೆಳಕು ಮಂಗಳಕರವಾಗಿರತಕ್ಕದ್ದು, ಅಂದರೆ ಅರಿಶಿನ, ಕುಂಕುಮ ಎರಡೂ ವರ್ಣಗಳನ್ನು ಒಳಗೊಂಡಿರತಕ್ಕದ್ದು.' ಚಂದ್ರಶೇಖರಯ್ಯ ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾಗದ ಮಾರುವ ಆಂಜಿನಯ್ಯನ ಅಂಗಡಿಗೆ ಹೋಗಿ ಹಳದಿ ಜಿಲೇಟಿನ್ ಕಾಗದ ತಂದು ಬೆಳಕಿಗೆ ಅಡ್ಡ ಹಿಡಿದರು. ಕೆಂಪೇ ಬಂತು. ಹಸಿರು ತಂದು ಹಿಡಿದರು. ಕತ್ತಲೆ ಬಂತು. ಕೊನೆಗೆ ಮಿಷನ್ನನ್ನೇ ಆಟೋದಲ್ಲಿ ಅಂಗಡಿಗೆ ಹೊತ್ತೊಯ್ದು, ಇದ್ದಬದ್ದ ಬಣ್ಣವನ್ನೆಲ್ಲ ಅಲ್ಲೇ ನೋಡಿದರು. ಆಂಜಿನಯ್ಯ ಕನ್ನಡಕ ತೆಗೆದು ಒರೆಸಿಕೊಂಡು, "ನಲವತ್ತು ವರ್ಷದಿಂದ ಕಾಗದ ಮಾರ್ತಿದೀನಿ ಸ್ವಾಮಿ, ಕಾಗದದ ಮಾತು ಕೇಳದ ಬೆಳಕು ಇದೇ ಮೊದ್ಲು ನೋಡಿದ್ದು," ಎಂದ. ಮಾತಿಗೆ ದುಡ್ಡು ತಗೊಳ್ಳಲಿಲ್ಲ, ಕಾಗದಕ್ಕೆ ತಗೊಂಡ.

ಮಹಾನವಮಿಯ ಸಂಜೆ ಪರಿಶೀಲನೆ. ಸಮಿತಿಯ ಕಾರ್ಯದರ್ಶಿ ಶಿವಲಿಂಗಯ್ಯನವರು ಇಬ್ಬರು ಸದಸ್ಯರೊಂದಿಗೆ ಬಂದರು. ತೂಕ-ಅಳತೆಯ ಕಚೇರಿಯಲ್ಲಿ ಮೂವತ್ತು ವರ್ಷ ತಕ್ಕಡಿಗಳಿಗೆ ಮುದ್ರೆ ಒತ್ತಿ ನಿವೃತ್ತರಾದವರು. ಮುದ್ರೆ ಮಾತ್ರ ನಿವೃತ್ತಿಯಾಗದೆ ಅವರ ಜುಬ್ಬದ ಜೇಬಿನಲ್ಲೇ ಸೇವೆ ಮುಂದುವರಿಸಿತ್ತು. ಸ್ಪರ್ಧಿಗಳು ಒಬ್ಬರ ಮನೆ ಒಬ್ಬರು ನೋಡುವ ಹಕ್ಕಿನ ಪ್ರಕಾರ ಶೈಲಜಮ್ಮನೂ ಬಂದು ಮುಂದಿನ ಚಾಪೆಯಲ್ಲೇ ಕೂತರು. ಆ ಹೊತ್ತು ಆ ಹಾಲಿನಲ್ಲಿದ್ದವರು ಹನ್ನೊಂದು ಜನ. ತಾವೂ ಅಲ್ಲಿದ್ದೆವು ಎನ್ನುವವರು ಈಗ ನೂರ ನಲವತ್ತು. ಈ ವರದಿ ಎಲ್ಲರ ಮಾತನ್ನೂ ಗೌರವಿಸಿ ಬರೆದದ್ದು.

ಕಿಟಕಿಗಳಿಗೆ ಕಂಬಳಿ ಕಟ್ಟಿ ಚಂದ್ರಶೇಖರಯ್ಯ ಸ್ವಿಚ್ ಒತ್ತಿದರು. ವಿಷ್ಣುವಿನ ಬೆರಳ ಮೇಲೆ ಕೆಂಪು ಗೆರೆ ಹೊತ್ತಿ, ನಡುಗಿ, ನಿಂತಿತು. ನಿಜವಾಗಿಯೂ ಚೆನ್ನಾಗಿತ್ತು. ಆಮೇಲೆ ಶೈಲಜಮ್ಮ ಬಹಳ ಮೃದುವಾಗಿ ಕೇಳಿದರು.

"ದೇವರ ಕೈಗೆ ಮೊಟ್ಟೆ ಯಾಕೆ ಕೊಟ್ರಿ ಗಂಗರತ್ನಮ್ಮ? ನಮ್ಮನೇಲಿ ಕೇಕ್ ಕೂಡ ತರಲ್ಲಪ್ಪ."

ಶಿವಲಿಂಗಯ್ಯ ಹಿತ್ತಾಳೆಯ ಅಡಿಕೋಲು ತೆಗೆದು ಗೋಡೆಗೆ ಹಿಡಿದರು. ಅಡ್ಡಕ್ಕೆ ಒಂಬತ್ತು ಅಂಗುಲ. ಎತ್ತರ ಏಳು. ಚಂದ್ರಶೇಖರಯ್ಯ ಸ್ಪೀಕರಿನ ಸುಸ್ತು, ಕನ್ನಡಿಯ ಭಾರ, ವೇಗ ಹೆಚ್ಚಿದಂತೆ ಅದು ಹಿಂದೆ ಬೀಳುವ ಬಗೆ, ಎಲ್ಲವನ್ನೂ ಪ್ರಾಮಾಣಿಕವಾಗಿ ವಿವರಿಸತೊಡಗಿದರು.

"ಕಾರಣ ಕೇಳಲಿಲ್ಲ ಸ್ವಾಮಿ," ಎಂದರು ಶಿವಲಿಂಗಯ್ಯ. "ದುಂಡಗಿದೆಯೋ ಇಲ್ವೋ?"

ಚಂದ್ರಶೇಖರಯ್ಯ ಹೆಂಡತಿಯ ಮುಖ ನೋಡಿದರು. ಅಲ್ಲಿ ಗುಜರಿಯವನ ಗಾಡಿ ಕಾಣಿಸಿತು. "ಬಹಳ ಮಟ್ಟಿಗೆ," ಎಂದರು.

"ಬಹಳ ಮಟ್ಟಿಗೆ ಅನ್ನೋ ಕಾಲಂ ನಮ್ಮಲ್ಲಿಲ್ಲ."

ಈ ಹಂತದಲ್ಲಿ ಗಂಗರತ್ನಮ್ಮ ಕಡಲೆಕಾಳು ಉಸ್ಲಿ ತಂದರು. ಇಂಗಿನ ಒಗ್ಗರಣೆ, ಮೇಲೆ ಧಾರಾಳವಾಗಿ ತೆಂಗಿನತುರಿ. ಸಮಿತಿ ಒಂದು ಸಲ ಹಾಕಿಸಿಕೊಂಡು ವಿಷಯವನ್ನು ಪರಿಶೀಲಿಸಿತು. ಎರಡನೇ ಸಲ ಹಾಕಿಸಿಕೊಂಡು ಕೂಲಂಕಷವಾಗಿ ಪರಿಶೀಲಿಸಿತು. ಮೂರನೇ ಸಲದ ನಂತರ ಜಗಲಿಯ ಮೇಲೆ ಕೂತು ಕೆಳಕಂಡಂತೆ ನಡಾವಳಿ ಬರೆಯಿತು:

'ಸದರಿ ಬೆಳಕಿನಲ್ಲಿ ಹಳದಿ ವರ್ಣವು ಕಂಡುಬಂದಿರುವುದಿಲ್ಲ. ಆದರೆ ಹಳದಿ ಇಲ್ಲವೆಂದು ಅರ್ಜಿದಾರರು ಎಲ್ಲಿಯೂ ಬರೆದುಕೊಟ್ಟಿರುವುದೂ ಇಲ್ಲ. ಆದಕಾರಣ ಹಳದಿಯು ಇದೆಯೆಂದು ಭಾವಿಸತಕ್ಕದ್ದು. ಸದರಿ ಚಕ್ರವು ಅಡ್ಡಕ್ಕೆ ಒಂಬತ್ತು, ಎತ್ತರಕ್ಕೆ ಏಳು ಅಂಗುಲವಿದ್ದು, ಬಾಕಿ ಎರಡು ಅಂಗುಲವನ್ನು ಮುಂದಿನ ನವರಾತ್ರಿಯೊಳಗೆ ಒದಗಿಸುವ ಷರತ್ತಿಗೆ ಒಳಪಟ್ಟು, ದುಂಡಗಿದೆಯೆಂದು ಭಾವಿಸತಕ್ಕದ್ದು. ಪ್ರಥಮ ಸ್ಥಾನ: ಶ್ರೀಮತಿ ಗಂಗರತ್ನಮ್ಮ.'

ಕೆಳಗೆ ತಕ್ಕಡಿಯ ಮುದ್ರೆ ಬಿತ್ತು.

ಶೈಲಜಮ್ಮ ಜಗಳ ಮಾಡಲಿಲ್ಲ. ಬಂದು ಶೀಲ್ಡ್ ತೆಗೆದುಕೊಂಡು ಹೋಗಿ ಎಂದರು. ಸಮಿತಿ ರಸ್ತೆ ದಾಟಿ ಹೋಗಿ ನೋಡಿದರೆ, ಮೂರನೇ ವರ್ಷವೂ ತಮ್ಮದೇ ಎಂಬ ಭರವಸೆಯಲ್ಲಿ ಅವರು ಶೀಲ್ಡನ್ನು ಒಳಗಿಟ್ಟೇ ಶೋಕೇಸಿಗೆ ಗಾಜು ಕೂರಿಸಿಬಿಟ್ಟಿದ್ದರು. ತೆಗೆಯಬೇಕಾದರೆ ಗಾಜು ಒಡೆಯಬೇಕು. ಗೊಂಬೆ ಕೂರಿಸಿದ ಮನೆಯಲ್ಲಿ ಗಾಜು ಒಡೆಯಕೂಡದೆಂದು ನಿಯಮ ಇಪ್ಪತ್ತಾರು. ಶೈಲಜಮ್ಮ ಸಮಿತಿಗೆ ಕೊಬ್ಬರಿ ಮಿಠಾಯಿ ಕೊಟ್ಟರು. ಅದು ಅಂಗಡಿಯದಲ್ಲ, ಮನೆಯದೇ. ಸಮಿತಿ ತಿನ್ನುತ್ತಲೇ ಎರಡನೇ ನಡಾವಳಿ ಬರೆಯಿತು: 'ಶೀಲ್ಡು ಇದ್ದಲ್ಲಿಯೇ ಇರತಕ್ಕದ್ದು. ಆದರೆ ಅದು ಶ್ರೀಮತಿ ಗಂಗರತ್ನಮ್ಮನವರ ಮನೆಯಲ್ಲಿದೆಯೆಂದು ಭಾವಿಸತಕ್ಕದ್ದು.'

ಚಂದ್ರಶೇಖರಯ್ಯನವರಿಗೆ ಮಾತ್ರ ನಿದ್ದೆ ಬರಲಿಲ್ಲ. ವಿಜಯದಶಮಿ ಕಳೆಯಿತು. ಮಾರನೇ ದಿನ ಬೆಳಿಗ್ಗೆ ರಸ್ತೆಯ ತುದಿಯಲ್ಲಿ "ಹಳೇ ಪಾತ್ರೆ, ಹಳೇ ಕಬ್ಣಾ" ಎಂಬ ಕೂಗು ಎದ್ದಿತು. ಅವರು ಮಿಷನ್ನಿನ ಮುಂದೆ ನಿಂತು ಅಂಟಿನ ಡಬ್ಬಿಯ ಮುಚ್ಚಳವನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದರು. ಗಂಗರತ್ನಮ್ಮ ಅಡಿಗೆಮನೆಯಿಂದ ಒಂದು ಸ್ಟೂಲ್ ತಂದು ಹಾಲಿನ ನಡುವೆ ಇಟ್ಟು, ಮೇಲೆ ಕಸೂತಿ ಬಟ್ಟೆ ಹಾಸಿದರು. ಖಾಲಿ ಸ್ಟೂಲನ್ನು ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ ನೋಡಿದರು.

"ರೀ, ನೀವೇ ಹೇಳಿ. ಶೀಲ್ಡ್ ಮನೆಗೆ ಬಂದಿದೆಯೋ ಇಲ್ವೋ?"

ಗುಜರಿಯವನು ಗೇಟಿನ ಹತ್ತಿರ ನಿಂತಿದ್ದ. ಎರಡು ತಿಂಗಳು ಎರಡು ಅಂಗುಲವನ್ನು ಒಪ್ಪದೆ ಒದ್ದಾಡಿದ ಮನುಷ್ಯ ಚಂದ್ರಶೇಖರಯ್ಯ. ಸ್ಟೂಲನ್ನು ನೋಡಿದರು. ತಲೆ ಓರೆ ಮಾಡಿ ಅಳತೆ ಹಾಕಿದರು.

"ಬಂದಿದೆ ಕಣೇ," ಎಂದರು. "ಸ್ವಲ್ಪ ಎಡಕ್ಕಿಟ್ಟರೆ ಬೆಳಕು ಚೆನ್ನಾಗಿ ಬೀಳುತ್ತೆ."

ಗಂಗರತ್ನಮ್ಮ ಸ್ಟೂಲನ್ನು ಎರಡೂ ಕೈಯಲ್ಲಿ, ಮೇಲಿರುವುದು ಬೀಳದಂತೆ, ಎಡಕ್ಕೆ ಸರಿಸಿದರು. ಗುಜರಿಯವನಿಗೆ ಒಂದು ತೂತು ಬಿದ್ದ ಬಕೆಟ್ ಕೊಟ್ಟು ಕಳಿಸಲಾಯಿತು.

ಅವತ್ತು ಮಧ್ಯಾಹ್ನದಿಂದ ರಸ್ತೆಯ ಹೆಂಗಸರು ಬಂದು ನೋಡಿಕೊಂಡು, ಅರಿಶಿನ ಕುಂಕುಮ ತೆಗೆದುಕೊಂಡು ಹೋದರು. ಭಾರ ಎಷ್ಟಿರಬಹುದು ಎಂದು ಒಬ್ಬರು ಕೇಳಿದರು. ಇನ್ನೊಬ್ಬರು, ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿಡಿ ಎಂದರು. ಶಿವಲಿಂಗಯ್ಯನವರು ದಾರಿಯಲ್ಲಿ ಹೋಗುವಾಗ ಕಿಟಕಿಯಿಂದಲೇ ಇಣುಕಿ, ಇರುವುದನ್ನು ದೃಢಪಡಿಸಿಕೊಂಡು, ಪುಸ್ತಕದಲ್ಲಿ ಗುರುತು ಹಾಕಿಕೊಂಡರು. ಐದು ಗಂಟೆಯ ಹೊತ್ತಿಗೆ ಶೈಲಜಮ್ಮನೇ ಬಂದರು. ಸ್ಟೂಲಿನ ಸುತ್ತ ಒಂದು ಸುತ್ತು ಬಂದು ತುಟಿ ಓರೆ ಮಾಡಿ, "ನಮ್ಮನೇಲಿದ್ದಾಗ ಇನ್ನೂ ಹೊಳಪಾಗಿತ್ತು," ಎಂದರು.

ಗಂಗರತ್ನಮ್ಮ ಸೆರಗಿನ ತುದಿಯಿಂದ ಸ್ಟೂಲಿನ ಮೇಲಿನ ಗಾಳಿಯನ್ನು ಎರಡು ಸಲ ಒರೆಸಿದರು. ಶೈಲಜಮ್ಮ ಬಗ್ಗಿ ನೋಡಿ, ಈಗ ಪರವಾಗಿಲ್ಲ ಎಂದರು.