ಸಾಲಿನಿಂದ ಎತ್ತಿದ ಕೊಡ

ನಳದ ಮುಂದಿನ ಜಗಳವನ್ನು ಒಂದೇ ಮುಂಜಾನೆಯಲ್ಲಿ ಮುಗಿಸಿಕೊಡುತ್ತೇನೆ ಎಂದು ನಾನು ಮಾತು ಕೊಟ್ಟದ್ದು ಸುಮ್ಮನೆ ಅಲ್ಲ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ನನ್ನ ಬಳಿ ಸಾವಿರ ವರ್ಷ ಹಳೆಯ, ರಾಜಮಹಾರಾಜರು ಒಪ್ಪಿದ ಉಪಾಯವೊಂದಿತ್ತು.

ಅಣೆಕಟ್ಟಿನ ಹಿನ್ನೀರು ಹಳೆಯ ಊರನ್ನು ನುಂಗಿದ ಮೇಲೆ ಅನಗವಾಡಿಯಿಂದ ತುಸು ಆಚೆಗಿನ ಪುನರ್ವಸತಿ ಕೇಂದ್ರಕ್ಕೆ ಬಂದವರು ನಾವು. ಊರು ಮುಳುಗುವಷ್ಟು ನೀರು ಕಂಡವರಿಗೆ ಇಲ್ಲಿ ಓಣಿಗೊಂದೇ ನಳ. ಕರೆಂಟ್ ಇದ್ದಾಗ ನೀರು. ಕರೆಂಟ್ ಯಾವಾಗ ಬರುತ್ತದೆಂದು ದೇವರಿಗೂ ತಿಳಿಯದು. ಹಾಗಾಗಿ ಹಿಂದಿನ ಸಂಜೆಯೇ ಮನೆಗೊಂದು ಕೊಡ ತಂದು ಸಾಲಿಗೆ ಇಡುತ್ತಿದ್ದೆವು. ಕೊಡ ಎಲ್ಲಿದೆಯೋ ಅಲ್ಲಿ ಆ ಮನೆಯ ಸರದಿ. ನಳದ ಎದುರು ಮನೆಯ ಲಕ್ಕವ್ವ ಮಾತ್ರ ದಿನಾ ಮೊದಲ ಕೊಡ ತನ್ನದೇ ಇಟ್ಟು, ಪೈಪು ಹಚ್ಚಿ, ಅಂಗಳದ ಸಿಮೆಂಟಿನ ಟಾಕಿ ತುಂಬಿದ ಮೇಲೆಯೇ ನಳ ಬಿಡುತ್ತಿದ್ದಳು. ಜಗಳ ಅದಕ್ಕೇ.

ಆ ಗುರುವಾರ ಮಗಳನ್ನು ನೋಡಲು ಮುಧೋಳದಿಂದ ಗಂಡಿನ ಕಡೆಯವರು ಬರುವವರಿದ್ದರು. ಮನೆಯಲ್ಲಿ ನೀರು ತಳ ಮುಟ್ಟಿತ್ತು. ಸಾಲಿನಲ್ಲಿ ಲಕ್ಕವ್ವನ ಕೊಡದ ಹಿಂದೆಯೇ ನಮ್ಮದು. ಬೇರೆಯವರಾಗಿದ್ದರೆ ನಿಶ್ಚಿಂತೆಯಿಂದ ಚಹಾ ಕುಡಿಯುತ್ತಿದ್ದರು. ನಾನು ನಳಕ್ಕೂ ಬಾಗಿಲಿಗೂ ಅಲೆಯತೊಡಗಿದೆ. ಲಕ್ಕವ್ವ ಟಾಕಿಯ ಜೊತೆ ಬ್ಯಾರಲ್ಲನ್ನೂ ತುಂಬಿಕೊಂಡರೆ? ಅಷ್ಟರಲ್ಲಿ ಕರೆಂಟ್ ಹೋದರೆ? ಬಂದವರು ಕಾಲು ತೊಳೆಯಲು ನೀರು ಕೇಳಿದರೆ?

"ಒಂದ ಕಡಿ ಕುಂದರ್ರಿ. ನಿಮ್ಮನ್ನ ನೋಡಿ ನನಗ ತಲಿ ತಿರಗಾಕತ್ತೈತಿ," ಎಂದಳು ಹೆಂಡತಿ ಕಸ್ತೂರಿ.

ಕೂರಲಾಗಲಿಲ್ಲ. ಬೀರಪ್ಪನ ಗುಡಿಕಟ್ಟೆಗೆ ಹೋಗಿ ಓಣಿಯವರನ್ನು ಕೂಡಿಸಿದೆ. ಚೋಳರ ಕಾಲದಲ್ಲಿ ಊರಕೆರೆ ನೋಡಿಕೊಳ್ಳುವ ಸಮಿತಿಯನ್ನು ಹೇಗೆ ಆರಿಸುತ್ತಿದ್ದರೆಂದು ವಿವರಿಸಿದೆ. ಅರ್ಹರ ಹೆಸರುಗಳನ್ನು ಓಲೆಯಲ್ಲಿ ಬರೆದು, ಕೊಡದಲ್ಲಿ ಹಾಕಿ, ಎಲ್ಲರೆದುರು ಎತ್ತುವುದು. ಹೆಸರು ಬಂದವನೇ ನೀರಿನ ಯಜಮಾನ. ಅವನು ಹೇಳಿದಷ್ಟೇ ನೀರು ಲಕ್ಕವ್ವನಿಗೆ.

"ಛಲೋ ಐತಿ," ಎಂದ ಓಣಿಯ ಹಿರಿಯ ಮಾಳಪ್ಪಜ್ಜ. "ಕೊಡ ಎಲ್ಲೈತಿ?"

ಉಪನ್ಯಾಸದ ನಡುವೆ ಮನೆಗೆ ಓಡುವುದು ಶೋಭೆಯಲ್ಲ. ನಳ ಪಕ್ಕದಲ್ಲೇ ಇತ್ತು. ಬೇರೆಯವರ ಕೊಡ ಮುಟ್ಟುವುದು ಅನ್ಯಾಯ. ಆದ್ದರಿಂದ ನ್ಯಾಯಸಮ್ಮತವಾಗಿ ನನ್ನದನ್ನೇ ಎತ್ತಿಕೊಂಡು ಬಂದೆ.

"ಮೊದಲನೆಯ ಅರ್ಹತೆ," ಎಂದು ಗಂಟಲು ಸರಿಪಡಿಸಿಕೊಂಡೆ. "ಸ್ವಂತ ನೆಲದಲ್ಲಿ ಸ್ವಂತ ಮನೆ ಇರಬೇಕು."



"ನನ್ನ ಸ್ವಂತ ನೆಲ ಹೊಳಿಯೊಳಗ ಐತಿ," ಎಂದ ಮಾಳಪ್ಪಜ್ಜ. "ಅಲ್ಲೀಗ ಮೀನ ಸಂಸಾರ ಮಾಡಾಕತ್ತಾವು. ಈ ಜಾಗಾದ ಹಕ್ಕುಪತ್ರ ಇನ್ನೂ ಬಂದಿಲ್ಲ. ಹಂಗಾರ ನಾ ನಿಲ್ಲಂಗಿಲ್ಲೇನ್ರಿ ಮಾಸ್ತರ? ನಿಮಗರ ಬಂದೈತೇನು?"

ನನಗೂ ಬಂದಿರಲಿಲ್ಲ. ಯಾರಿಗೂ ಬಂದಿರಲಿಲ್ಲ. ಚೋಳರ ದೃಷ್ಟಿಯಲ್ಲಿ ಇಡೀ ಓಣಿಯೇ ಅನರ್ಹ! ಆ ನಿಯಮವನ್ನು ಸಡಿಲಿಸಿದೆ.

"ಎರಡನೆಯದು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವರು, ಅವರ ನೆಂಟರು ನಿಲ್ಲುವಂತಿಲ್ಲ."

"ಗುಡಿ ಕಮಿಟಿ ಲೆಕ್ಕ ಕೊಡಲಾರದಾಂವ ನಮ್ಮ ಮಾವ," ಎಂದನೊಬ್ಬ. "ಈ ಓಣ್ಯಾಗ ಅಂವಗ ಬೀಗ ಅಲ್ಲದಾಂವ ಯಾಂವ ಅದಾನ ತೋರಸ್ರಿ."

ಅದನ್ನೂ ಸಡಿಲಿಸಿದೆ. ಹೀಗೆ ಸಡಿಲಿಸುತ್ತ ಹೋಗಿ ಕೊನೆಗೆ ಚೋಳರದೆಂದು ಉಳಿದದ್ದು ಕೊಡವೊಂದೇ. ಎಲ್ಲರ ಹೆಸರೂ ಚೀಟಿಯಾಗಿ ಅದರೊಳಗೆ ಬಿದ್ದವು. ಇನ್ನೇನು ಮಾಳಪ್ಪಜ್ಜ ಕೈ ಹಾಕಬೇಕು, ಅತ್ತ ಪಂಪು ಗುರ್ ಎಂದಿತು. ಕಟ್ಟೆ ಖಾಲಿ. ಮಾಳಪ್ಪಜ್ಜ ಎಲ್ಲರಿಗಿಂತ ಮುಂದೆ.

ನಾನು ಕೊಡ ಅಪ್ಪಿಕೊಂಡು ತಲುಪುವಷ್ಟರಲ್ಲಿ ನಮ್ಮ ಜಾಗಕ್ಕೆ ಹಿಂದಿನ ಕೊಡ ಸರಿದಿತ್ತು.

"ಇದು ನನ್ನ ಸರದಿ," ಎಂದೆ. "ಚುನಾವಣೆಗೆಂದು ಒಯ್ದಿದ್ದೆ."

"ಎತ್ತಿದ ಕೊಡ ಸಾಲಿನ ಕಡೀಕ," ಎಂದ ಮಾಳಪ್ಪಜ್ಜ. "ನಿಮ್ಮ ರಾಜರ ಕಾಯ್ದೆ ಸಡ್ಲ ಮಾಡಬಹುದು ಮಾಸ್ತರ, ನಳದ್ದು ಆಗೂದಿಲ್ಲ."

ಕೊನೆಯಲ್ಲಿ ನಿಂತೆ. ಕೂತೆ. ಮತ್ತೆ ನಿಂತೆ. ನನ್ನ ಮುಂದೆ ಒಂದೇ ಕೊಡ ಉಳಿದಾಗ ಕರೆಂಟ್ ಹೋಯಿತು.

ಮನೆಗೆ ಬಂದಾಗ ಕಸ್ತೂರಿ ಕೊಡದೊಳಗೆ ಬಗ್ಗಿ ನೋಡಿದಳು. "ಬೀಗರಿಗೆ ಚೀಟಿ ಕುಡಸ್ತೀರೇನು?"

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಜೀಪಿನ ಸದ್ದು. ಚೀಟಿ ಸುರಿದು, ಕೊಡ ಎತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಹೊರಬಿದ್ದು, ಯಾರ ವಿರುದ್ಧ ಚುನಾವಣೆ ನಡೆಸಿದ್ದೆನೋ ಆ ಲಕ್ಕವ್ವನ ಅಂಗಳಕ್ಕೇ ಓಡಿದೆ. ಆಕೆ ಟಾಕಿಯ ಕಡೆ ಕೈ ತೋರಿಸಿದಳು.

"ಟಾಕಿ ತೂತು ತಳದಾಗ ಐತಿ. ಮಣಕಾಲ ಊರ್ರಿ," ಎಂದಳು.

ಮೊಣಕಾಲೂರಿದೆ. ಎರಡೂ ಕೈಯಿಂದ ಕೊಡ ಹಿಡಿದೆ. ಅದು ಜಾರದಿರಲೆಂದು ಲಕ್ಕವ್ವ ನನ್ನ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟಳು. ಯುರೋಪಿನಲ್ಲಿ ಸಾಮಂತನಾಗುವವನು ಹೀಗೆಯೇ ಮಂಡಿಯೂರಿ, ಒಡೆಯನ ಕೈಗಳ ನಡುವೆ ಕೈಯಿಟ್ಟು, 'ಇಂದಿನಿಂದ ನಾನು ನಿನ್ನ ಆಳು' ಎನ್ನುತ್ತಿದ್ದ. ವರ್ಷ ವರ್ಷವೂ ಅದನ್ನು ಕಲಿಸಿದ್ದೆ. ಮಾಡಿ ನೋಡಿರಲಿಲ್ಲ.

ಬಂದವರು ಕಾಲು ತೊಳೆದರು, ಚಹಾ ಕುಡಿದರು, ಹುಡುಗಿ ಒಪ್ಪಿಗೆ ಎಂದು ಹೇಳಿ ಹೋದರು. ಜೀಪಿನ ಧೂಳು ಇಳಿಯುವ ಮೊದಲೇ ಲಕ್ಕವ್ವ ಬಾಗಿಲಿಗೆ ಬಂದಳು.

"ಮಾಸ್ತರ, ನಾಳಿಂದ ನಮ್ಮ ಎಮ್ಮಿಗಿ ನೀವ ನೀರ ಹೊತ್ತ ಹಾಕ್ರಿ. ನನ್ನ ನಡಾ ಹಿಡದೈತಿ."

ಸಾಮಂತರ ದಂಡಿನ ಸೇವೆಗೆ ವರ್ಷಕ್ಕೆ ನಲವತ್ತು ದಿನದ ಮಿತಿಯಿತ್ತೆಂದು ಹೇಳಲು ಬಾಯಿ ತೆರೆದೆ. ನಿಶ್ಚಯಕ್ಕೆ ನೀರು ಬೇಕಿತ್ತು. ಮದುವೆಗಂತೂ ಇನ್ನೂ ಬೇಕಿತ್ತು.

"ಎಮ್ಮಿ ಒಂದ ಏನ್ರಿ, ಕರಾನೂ ಐತೇನು?" ಎಂದಷ್ಟೇ ಕೇಳಿದೆ.