ಗೋವಿನಜೋಳ ಕಡಿಯಬಾರದ ಹಲ್ಲು

ನನ್ನ ಬಲಗಡೆಯ ಕೆಳದವಡೆ ಹಲ್ಲು ಹೇಗೆ ಹೋಯಿತೆಂದು ಯಾರಾದರೂ ಕೇಳಿದರೆ, ಕೇಳಿದವರ ಮುಖ ನೋಡಿ ಉತ್ತರ ಕೊಡುತ್ತೇನೆ. ಬಸ್ಸಿನಲ್ಲಿ ಸಿಕ್ಕವರಿಗೆ ಕಡಕ್ ರೊಟ್ಟಿ. ಡಾಕ್ಟರಿಗೆ ಹುಳುಕು. ನನಗೆ ನಾನೇ ಹೇಳಿಕೊಳ್ಳುವಾಗ ಗೋವಿನಜೋಳದ ಕಾಳು, ಚಳಿಗಾಲದ ಬೆಳಿಗ್ಗೆ, ತೆಳ್ಳನೆಯ ಬಿಸಿಲು. ಈ ಬಿಸಿಲು ಮೊದಲು ಇರಲಿಲ್ಲ. ಹೇಳುತ್ತ ಹೇಳುತ್ತ ಬಂದು ಸೇರಿಕೊಂಡಿತು. ನೆನಪು ಇಷ್ಟು ಅಚ್ಚುಕಟ್ಟಾಗಿ ಕಂಡಾಗಲೆಲ್ಲ ನನಗೆ ಅನುಮಾನ. ಮದುವೆ ಯಾಕೆ ಆಗಲಿಲ್ಲ ಎಂಬುದಕ್ಕೂ ನನ್ನಲ್ಲಿ ಮೂರು ಕಾರಣಗಳಿವೆ, ಮೂರರಲ್ಲೂ ಅದೇ ಬಿಸಿಲು. ಖಚಿತವಾಗಿ ಗೊತ್ತಿರುವುದು ಇಷ್ಟೇ: ಹಲ್ಲು ಇತ್ತು, ಈಗ ಇಲ್ಲ, ಆ ಜಾಗದಲ್ಲಿ ಟೈಟಾನಿಯಂ ಸ್ಕ್ರೂ ಇದೆ.

ನಾನು ಬ್ಯಾಡಗಿಯಲ್ಲಿ ಒಬ್ಬನೇ ಇರುವವನು. ಮೆಣಸಿನಕಾಯಿ ಸುಗ್ಗಿಯಲ್ಲಿ ಊರಿಗೆ ಊರೇ ಸೀನುತ್ತದೆ. ನಾನು ಸೀನಿದರೆ ಪಕ್ಕದ ಮನೆಯವರು ಸೀನಿ ಉತ್ತರ ಕೊಡುತ್ತಾರೆ. ಅದನ್ನೂ ಮಾತುಕತೆ ಎನ್ನುವುದಾದರೆ ಆ ದಿನಗಳಲ್ಲಿ ನನಗೆ ಮಾತಿಗೆ ಬರವಿಲ್ಲ. ಉಳಿದ ಮಾತೆಲ್ಲ ರಾಣೆಬೆನ್ನೂರಿನಲ್ಲಿ. ಅಲ್ಲಿನ ಒಂದು ದಲಾಲಿ ಅಂಗಡಿಯಲ್ಲಿ ಗೋವಿನಜೋಳ ಕಡಿದು ನೋಡುವುದು ನನ್ನ ಕೆಲಸ. ಒಣಗಿದ ಕಾಳು ಕಟಕ್ಕನೆ ಒಡೆಯುತ್ತದೆ. ಹಸಿ ಕಾಳು ಒಡೆಯುವ ಮುನ್ನ ಚೂರು ಬಾಗುತ್ತದೆ. ಆ ಚೂರು ಕಿವಿಗೆ ಕೇಳುವುದಿಲ್ಲ, ಹಲ್ಲಿನ ಬೇರಿಗೆ ತಿಳಿಯುತ್ತದೆ. ಅಂಗಡಿಯಲ್ಲಿ ತೇವ ಅಳೆಯುವ ಮಷಿನ್ ಇದ್ದರೂ ರೈತರು ಬೊಗಸೆಯಲ್ಲಿ ಕಾಳು ಹಿಡಿದು ನನ್ನ ಮುಂದೆ ನಿಲ್ಲುತ್ತಿದ್ದರು. ಹಲ್ಲಿನ ಮಾಮಾ ಎಂದು ಕರೆಯುತ್ತಿದ್ದರು. ದಿನಕ್ಕೆ ಒಬ್ಬರಾದರೂ ನನ್ನನ್ನು ಏನಾದರೂ ಕೇಳಬೇಕು; ಇಲ್ಲದಿದ್ದರೆ ಆ ದಿನ ನಾನು ಇದ್ದೆನೋ ಇಲ್ಲವೋ ಎಂಬುದೇ ನನಗೆ ಅನುಮಾನ.

ಹಾಗಾಗಿ ಹಲ್ಲು ಹೋದದ್ದೇ ಹಾವೇರಿಗೆ ಓಡಿದೆ. ಅಲ್ಲಿನ ಹಲ್ಲಿನ ಡಾಕ್ಟರು ಚುರುಕು ಮಾತಿನ ಹೆಣ್ಣುಮಗಳು. ಎಲುಬಿಗೆ ಸ್ಕ್ರೂ ಹಾಕಿ, ಅದರ ಮೇಲೆ ಹಲ್ಲಿನಂಥ ಕ್ಯಾಪ್ ಕೂರಿಸುವುದಾಗಿ ಹೇಳಿದರು.

"ಎಷ್ಟು ವರ್ಷ ಬಾಳಕಿ ಬರ್ತೈತ್ರಿ ಇದು?" ಎಂದೆ.

"ಛಲೋ ನೋಡ್ಕೊಂಡ್ರ ಸ್ಕ್ರೂ ಇಪ್ಪತ್ತು ವರ್ಷ, ಇನ್ನೂ ಹೆಚ್ಚಿಗೂ ಬರಬಹುದ್ರಿ. ಮ್ಯಾಲಿನ ಕ್ಯಾಪ್ ಹತ್ತು-ಹದಿನೈದು ವರ್ಷಕ್ಕ ಬದಲಿ ಮಾಡಬೇಕಾದೀತು."

"ಹುಳುಕಂತೂ ಹತ್ತಂಗಿಲ್ಲಲ್ರಿ?"

"ಅದಕ್ಕ ಹತ್ತಂಗಿಲ್ಲ. ಆದ್ರ ಸುತ್ತಲಿನ ವಸಡು ಕೆಟ್ರ ಎಲುಬು ಕರಗ್ತೈತಿ, ಎಲುಬು ಕರಗಿದ್ರ ಸ್ಕ್ರೂ ಅಳ್ಳಾಡ್ತೈತಿ. ದಿನಕ್ಕ ಎರಡು ಸಲ ಮೆತ್ತನ ಬ್ರಶ್, ಸಂದಿಗೆ ದಾರ. ತಂಬಾಕು ಪೂರಾ ಬಂದ್. ರಕ್ತ ಕಂಡ್ರ ಲಗೂನ ಬರ್ರಿ, ಕಾಣದಿದ್ರೂ ಆರು ತಿಂಗಳಿಗೊಮ್ಮೆ ತೋರಿಸ್ರಿ. ಮತ್ತ ಗಟ್ಟಿ ಪದಾರ್ಥ ಕಡೀಬ್ಯಾಡ್ರಿ. ಅಡಿಕಿ, ಎಲುಬು, ಪೆನ್ನಿನ ಟೋಪಿ..."

ಗೋವಿನಜೋಳದ ಹೆಸರನ್ನು ಅವರು ಎತ್ತಲಿಲ್ಲ. ಕಾನೂನಿನಲ್ಲಿ ಬರೆಯದ್ದು ಅಪರಾಧವಲ್ಲ ಎಂದು ನಾನೂ ಸುಮ್ಮನಿದ್ದೆ.

ಎಲುಬು ಸ್ಕ್ರೂವನ್ನು ಹಿಡಿದುಕೊಳ್ಳಲು ನಾಲ್ಕು ತಿಂಗಳು ಬೇಕಾಯಿತು. ಎಡಗಡೆಯ ಹಲ್ಲುಗಳು ಸವೆದು ಬಾಳೆಹಣ್ಣಿಗಷ್ಟೇ ಲಾಯಕ್ಕಾಗಿದ್ದರಿಂದ ರಜೆ ಹಾಕಿ ಮನೆಯಲ್ಲಿ ಕೂತೆ. ಹಲ್ಲು ಕಟ್ಟಿಸಿಕೊಂಡ ಸಂಗತಿ ಯಾರಿಗೂ ಹೇಳಲಿಲ್ಲ. ಹೇಳಬೇಕೆಂದರೂ ಯಾರೂ ಬರಲಿಲ್ಲ. ಕ್ಯಾಪ್ ಕೂತ ಮರುವಾರ ಅಂಗಡಿಗೆ ಹೋದರೆ ಕಾಗಿನೆಲೆ ಕಡೆಯ ನಿಂಗಪ್ಪ ಮೊದಲು ಬಂದ. "ಏ, ಹಲ್ಲಿನ ಮಾಮಾ ಬಂದಾನ ನೋಡ್ರೋ! ಹಿಡೀರಿ, ಕಡದು ಹೇಳ್ರಿ."

ಕಡಿದೆ. ಕಟಕ್ ಎಂದಿತು. ಅಷ್ಟೇ. ಕಾಳು ಬೇರೆ ಯಾರದೋ ಬಾಯಲ್ಲಿ ಒಡೆದ ಹಾಗೆ. ಬಾಗಿತೋ ಇಲ್ಲವೋ ಗೊತ್ತಾಗಲಿಲ್ಲ. ಸ್ಕ್ರೂವಿಗೆ ಎಲುಬಿನ ಹಿಡಿತವಿದೆ, ಬೇರಿನ ಜೀವವಿಲ್ಲ. ನಾಲ್ಕು ತಿಂಗಳ ಮೇಲೆ ಒಬ್ಬ ಮನುಷ್ಯ ಬಾಯಿ ತೆರೆದು ನನ್ನ ಮಾತಿಗೆ ಕಾದು ನಿಂತಿದ್ದ.

"ಒಣಗೈತಿ," ಎಂದೆ.

"ಮಷಿನ್ ಹಸಿ ಅಂತೈತ್ರಿ. ಬಿಡ್ರಿ, ಅದಕ್ಕೇನು ತಿಳೀತೈತಿ? ಹಂಗಾರ ಮನ್ಯಾಗಿನ ರಾಶೀನೂ ಇವತ್ತ ಚೀಲಕ್ಕ ತುಂಬಿ ಬಾಯಿ ಹೊಲೀತೀನಿ." ಖುಷಿಯಿಂದ ಟ್ರ್ಯಾಕ್ಟರ್ ಕಡೆ ನಡೆದ.

ಹಸಿ ಕಾಳು ಚೀಲದಲ್ಲಿ ಕಾವು ಏರಿ ಬೂಸ್ಟು ಹಿಡಿಯಲು ಬಹಳ ದಿನ ಬೇಡ. ನಾನು ಹಿಂದೆಯೇ ಓಡಿದೆ. ಓಡಿದೆ ಎಂದು ನೆನಪು. ಕುರ್ಚಿಯಲ್ಲಿ ಬೇಕಾದಷ್ಟು ಹೊತ್ತು ಕೂತು, ಆಮೇಲೆ ನಡೆದು ಹೋಗಿರಲೂಬಹುದು.

"ನಿಂಗಪ್ಪಾ, ಚೀಲ ಹೊಲೀಬ್ಯಾಡೋ. ನನ್ನ ಹಲ್ಲು ಖೊಟ್ಟಿ ಐತಿ. ಒಳಗ ಸ್ಕ್ರೂ ಹಾಕ್ಯಾರ. ನನಗೇನೂ ತಿಳಿಯವಲ್ದು."

ಅವನು ನನ್ನ ಬಾಯಿ ತೆರೆಸಿ, ಎತ್ತಿನ ಬಾಯಿ ನೋಡುವ ಹಾಗೆ ಬಗ್ಗಿ ನೋಡಿದ. ಆಮೇಲೆ ಇಡೀ ಮಾರ್ಕೆಟ್ ಯಾರ್ಡಿಗೆ ಕೇಳುವಂತೆ ನಕ್ಕ: "ಮಷಿನ್ ಮಾತು ಸುಳ್ಳಂತ ಇನ್ನೊಂದು ಮಷಿನ್ ಸಾಕ್ಷಿ ಹೇಳಾಕತ್ತಿತ್ತಲ್ರೋ!" ನಗು ನಿಂತ ಮೇಲೆ ನನ್ನ ತೋಳು ಹಿಡಿದು, "ಹೇಳಿದ್ದು ಛಲೋ ಆತು ಮಾಮಾ," ಎಂದ. ಕಾಳನ್ನು ಮತ್ತೆ ಬಿಸಿಲಿಗೆ ಹರವಲು ಹೋದ.

ಅಂದಿನಿಂದ ರೈತರು ನೇರ ಮಷಿನ್‌ಗೆ ಹೋಗುತ್ತಾರೆ. ನನಗೆ ನಮಸ್ಕಾರ ಹೇಳುತ್ತಾರೆ, ಚಹಾ ಕುಡಿಸುತ್ತಾರೆ. ಏನನ್ನೂ ಕೇಳುವುದಿಲ್ಲ. ಮಾಲೀಕರು ಒಳ್ಳೆಯವರು, ಕೆಲಸದಿಂದ ಬಿಡಿಸಲಿಲ್ಲ. ಮಷಿನ್ ಮೇಲಿನ ಧೂಳು ಒರೆಸಲು ಹಚ್ಚಿದರು.

ಉಳಿದದ್ದು ಹಲ್ಲಿನ ಸೇವೆ. ಬೆಳಿಗ್ಗೆ ಸಂಜೆ ಬ್ರಶ್, ಆಮೇಲೆ ದಾರ, ಆಮೇಲೆ ಕನ್ನಡಿಯ ಮುಂದೆ ತುಟಿ ಎಳೆದು ವಸಡಿನ ತಪಾಸಣೆ. ಆರನೆಯ ವಾರವೇ ಹಾವೇರಿ ಬಸ್ಸು ಹತ್ತಿದೆ.

"ಆರು ತಿಂಗಳಿಗೆ ಬರ್ರಿ ಅಂದಿದ್ದೆ. ಏನಾತ್ರಿ? ನೋವೇನು? ರಕ್ತ ಬಂತೇನು? ಊಟ ಸರಿ ಆಗಾಕತ್ತೈತಿಲ್ಲೋ?" ಎಂದರು ಡಾಕ್ಟರು. ಒಂದೇ ಉಸಿರಿಗೆ ಇಷ್ಟು ಪ್ರಶ್ನೆಗಳು! ಯಾವುದಕ್ಕೆ ಮೊದಲು ಉತ್ತರಿಸಲಿ ಎಂದು ತಡಬಡಾಯಿಸಿದೆ.

"ರಕ್ತ ಬಂದಂಗ ಅನಿಸ್ತ್ರಿ."

ಟಾರ್ಚ್ ಬಿಟ್ಟು ಸುತ್ತಲೂ ನೋಡಿದರು. "ಎಲ್ಲಿ ರಕ್ತ? ಇಷ್ಟು ಸ್ವಚ್ಛ ಇಟ್ಕೊಂಡವ್ರನ್ನ ನಾ ನೋಡೇ ಇಲ್ಲ. ಖರೇನ ಭೇಷ್! ಇನ್ನ ಆರು ತಿಂಗಳು ಈ ಕಡೆ ಬರೂದ ಬ್ಯಾಡ್ರಿ."

ಚೆನ್ನಾಗಿ ನೋಡಿಕೊಂಡವನಿಗೆ ಸಿಗುವ ಬಹುಮಾನ ಇದು. ಮರಳಿ ಬರುವಾಗ ಬಸ್ಸಿನಲ್ಲೇ ನಿರ್ಧರಿಸಿದೆ: ಇನ್ನು ಸ್ವಲ್ಪ ಅಲಕ್ಷ್ಯ ಮಾಡಬೇಕು. ವಸಡು ತುಸು ಕೆಂಪಾದರೆ ಸಾಕು, ಅವರು ಬೈದು ಹದಿನೈದು ದಿನಕ್ಕೊಮ್ಮೆ ಕರೆಸಿಕೊಳ್ಳುತ್ತಾರೆ. ಆ ಸಂಜೆ ಬ್ರಶ್ ಮುಟ್ಟದೆ ಕುರ್ಚಿಯಲ್ಲಿ ಕೈಕಟ್ಟಿ ಕೂತೆ. ಹತ್ತು ನಿಮಿಷ ಕಳೆದಿರಬೇಕು. ಮಾಡಲು ಬೇರೆ ಏನೂ ಕೆಲಸ ತೋಚದೆ ಎದ್ದು ಹೋಗಿ ಹಲ್ಲು ತಿಕ್ಕಿಕೊಂಡೆ.