ಬಿಸಿನೀರಿನಲ್ಲಿ ಅಳಿಯ

ಭಾವೀ ಅಳಿಯನ ಮದುವೆಯ ಕೋಟಿಗೆ ತೋಳು ಕೂರಿಸುವ ಮೊದಲು ಅಳತೆಯನ್ನು ಇನ್ನೊಮ್ಮೆ ಕೇಳಿಬಿಡೋಣವೆಂದು ಟೈಲರ್ ಫೋನು ಮಾಡಿದ್ದೇ ಎಡವಟ್ಟಾಯಿತು.

"ಮಾವ, ಐ ಆಮ್ ಇನ್ ಹಾಟ್ ವಾಟರ್! ಆಮೇಲೆ..." ಎಂದ ಹುಡುಗ. ಬುಳುಕ್ ಎಂದು ಸದ್ದಾಯಿತು. ಫೋನು ಸತ್ತಿತು.

"ಬಿಸಿನೀರಲ್ಲಿದಾನಂತೆ. ಸ್ನಾನ ಮಾಡ್ತಿರಬೇಕು" ಎಂದು ಟೈಲರ್ ನಿಶ್ಚಿಂತೆಯಿಂದ ಕತ್ತರಿ ಎತ್ತಿಕೊಂಡರು. ಆದರೆ ಪ್ಯಾಂಟಿನ ಅಂಚು ಹೊಲಿಸಲು ಬಂದ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಬೆಂಚಿನ ಮೇಲೇ ಕೂತಿದ್ದರು. ಪಾಠ ಕೇಳುವವರಿಲ್ಲದೆ ಅವರು ಬಿಗಿದ ಸೋಡಾ ಬಾಟಲಿಯ ಹಾಗೆ ಒಳಗೇ ಬುಸುಗುಡುತ್ತಿದ್ದರು. ಈಗ ಮುಚ್ಚಳ ಹಾರಿತು.

"ಸ್ನಾನ ಅಲ್ರೀ! ಅದು ಇಂಗ್ಲಿಷ್ ನುಡಿಗಟ್ಟು. ದೊಡ್ಡ ತೊಂದರೇಲಿ ಸಿಕ್ಕಿಬಿದ್ದಿದೀನಿ ಅಂತ ಅರ್ಥ."

"ತೊಂದರೆಗೆ ಬಿಸಿನೀರ್ಯಾಕೆ ಮೇಷ್ಟ್ರೇ?"

"ಅದೇ ಅದರ ಸೊಗಸು! ಅವರಲ್ಲಿ ಜೋರು ಮಳೆ ಬಂದ್ರೆ ನಾಯಿ, ಬೆಕ್ಕು ಸುರೀತಾವೆ."

"ಯಾರ ಮೇಲೆ?"

ಮೇಷ್ಟ್ರು ಹಣೆ ಚಚ್ಚಿಕೊಂಡರು. "ಹೊಟ್ಟೆ ಉರೀತಿದೆ ಅಂದ್ರೆ ನೀವು ಬೆಂಕಿ ಆರಿಸೋರನ್ನ ಕರೀತೀರಾ? ತಲೆ ತಿನ್ನಬೇಡ ಅಂದ್ರೆ ಉಪ್ಪು ಸಾಕಾ ಅಂತ ಕೇಳ್ತೀರಾ?"

ಟೈಲರಿಗೆ ತಲೆ ಗಿರ್ರೆಂದಿತು. ಮತ್ತೆ ಮತ್ತೆ ಫೋನು ಮಾಡಿದರು. ಸ್ವಿಚ್ ಆಫ್. ಎದುರಿನ ಇಸ್ತ್ರಿ ಅಂಗಡಿಯಾಕೆ ಕಿವಿ ನಿಮಿರಿಸಿಕೊಂಡು ಬಂದೇಬಿಟ್ಟಳು.

"ಮದುವೆ ಗಂಡಿಗೆ ತೊಂದರೆ ಅಂದ್ರೆ ಒಂದೋ ಪೊಲೀಸು, ಇಲ್ಲಾ ಇನ್ನೊಂದು ಹೆಂಡ್ತಿ. ಇಲ್ಲಿ ಸೂಜಿ ಹಿಡ್ಕೊಂಡು ಕೂತಿದೀರಲ್ಲಣ್ಣ! ಅವನ ಆಫೀಸಿಗೆ ಹೋಗಿ ವಿಚಾರಿಸಿ. ಮಗಳ ಬಾಳಿನ ಪ್ರಶ್ನೆ."

ಮಗಳ ಹೆಸರೆತ್ತಿದರೆ ಮುಗಿಯಿತು. ಕೊರಳಲ್ಲಿ ಅಳತೆಪಟ್ಟಿ ಜೋತಾಡುತ್ತಿದ್ದಂತೆಯೇ ಟೈಲರ್ ಆಟೊ ಹತ್ತಿದರು.

ಹುಡುಗ ದೊಡ್ಡ ಟೈರ್ ಗೋಡೌನಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದ. ಅಲ್ಲಿನ ಮ್ಯಾನೇಜರು ಟೈಲರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಸಾರ್, ನಮ್ಮ ಹುಡುಗ ದೊಡ್ಡ ತೊಂದರೇಲಿ ಸಿಕ್ಕಿಬಿದ್ದಿದಾನಂತೆ. ಬೆಳಿಗ್ಗೆ ಅವನೇ ಹೇಳ್ದ. ಏನು ಅಂತ ನಿಮಗೇನಾದ್ರೂ ಗೊತ್ತಾ?"

"ತೊಂದರೆನಾ? ನನಗೆ ಕಾಲುನೋವು ಅಂತ ರಜೆ ಹೇಳಿದಾನಲ್ಲ!" ಮ್ಯಾನೇಜರ ಕಣ್ಣು ಕಿರಿದಾಯಿತು. "ನೀವು ಅವನಿಗೆ ಏನಾಗಬೇಕು?"

ಸಂಬಂಧ ಹೇಳಿದರೆ ತನ್ನ ಕುತ್ತಿಗೆಗೂ ಬಂದೀತೆಂದು ಟೈಲರ್ ಗಾಬರಿಬಿದ್ದರು. "ಏನೂ ಇಲ್ಲ ಸಾರ್, ಬರೀ ಅಳತೆ ತಗೊಳ್ಳೋನು" ಎಂದು ಹಿಂದೆ ಹಿಂದೆ ಸರಿದು ಬಾಗಿಲು ದಾಟಿದರು. ಬೆನ್ನ ಹಿಂದೆ ಮ್ಯಾನೇಜರ ಕೂಗು ಕೇಳಿಸಿತು: "ಗೋಡೌನಿಗೆ ಬೀಗ ಹಾಕ್ರೋ! ಒಂದೊಂದು ಟೈರೂ ಎಣಿಸಿ!"

ಅವರು ನೇರವಾಗಿ ಹುಡುಗನ ಮನೆ ಸೇರಿದರು. ಬಾಗಿಲು ತೆರೆದೇ ಇತ್ತು. ಪೊಲೀಸರಿಲ್ಲ, ಅಳುತ್ತಿರುವ ಹೆಂಗಸಿಲ್ಲ. ಅಳಿಯ ಕುರ್ಚಿಯಲ್ಲಿ ಕೂತು, ಊದಿದ ಪಾದವನ್ನು ಹಬೆಯಾಡುವ ಟಬ್ಬಿನಲ್ಲಿ ಇಳಿಬಿಟ್ಟು ಹಲ್ಲು ಕಿರಿಯುತ್ತಿದ್ದ.

"ಬನ್ನಿ ಮಾವ! ಮೆಟ್ಟಿಲು ಜಾರಿ ಕಾಲು ಉಳುಕಿತು. ಬಿಸಿನೀರಲ್ಲಿದೀನಿ ಅಂತ ಹೇಳೋಷ್ಟರಲ್ಲಿ ಫೋನೂ ಒಳಗೇ ಬಿತ್ತು. ನಾಲ್ಕು ದಿನದಲ್ಲಿ ಸರಿಹೋಗುತ್ತೆ. ಮದುವೆಗೇನೂ ತೊಂದರೆ ಇಲ್ಲ."

ಟೈಲರಿಗೆ ಹೋದ ಜೀವ ಬಂದಂತಾಯಿತು. ಇನ್ನೇನು ಕೂರಬೇಕು, ಹುಡುಗನ ತಾಯಿ ತನ್ನ ಫೋನು ಹಿಡಿದು ಅಡುಗೆಮನೆಯಿಂದ ಓಡಿಬಂದಳು. "ನಿಮ್ಮ ಮ್ಯಾನೇಜರು ಕಣೋ, ಕೂಗಾಡ್ತಿದಾರೆ."

ಅಳಿಯ ಫೋನು ಕಿವಿಗಿಟ್ಟುಕೊಂಡ. ಅವನ ನಗು ನೀರಿಗೆ ಬಿಟ್ಟ ನೀಲಿಯಂತೆ ಕರಗಿಹೋಯಿತು.

"ವಿಚಾರಣೆ ಮುಗಿಯೋವರೆಗೆ ಕೆಲಸಕ್ಕೆ ಬರಬೇಡ ಅಂತಿದಾರೆ ಮಾವ. ಯಾರೋ ಕೊರಳಿಗೆ ಟೇಪು ಹಾಕ್ಕೊಂಡು ಬಂದು ನನ್ನ ಮೇಲೆ ಚಾಡಿ ಹೇಳಿದಾರಂತೆ. ಯಾರಿರಬಹುದು?"

ಟೈಲರ್ ಅಳತೆಪಟ್ಟಿಯನ್ನು ಮೆಲ್ಲಗೆ ಕೊರಳಿನಿಂದ ಎಳೆದು ಜೇಬಿಗೆ ತುರುಕಿದರು. ಆಮೇಲೆ ಟಬ್ಬಿಗೆ ಬೆರಳದ್ದಿ ನೋಡಿದರು.

"ಅಳಿಯಂದಿರೇ, ಇದು ಆರ್ತಾ ಬಂತು. ಇನ್ನೊಂದು ಪಾತ್ರೆ ಬಿಸಿನೀರು ತರ್ಲಾ?"